ಉದ್ದುದ್ದ ಇಂಗ್ಲಿಷ್ ಪದಗಳನ್ನು ಎಲ್ಲಿ ಮುರಿಯಬೇಕು, ಎಲ್ಲಿ ಒತ್ತಬೇಕು?

ಸುಮ್ನೆ_ಓದುವವಳು

ಎಲ್ಲರಿಗೂ ನಮಸ್ಕಾರ. ಇಂಗ್ಲಿಷನ್ನು ಮನಸ್ಸಿನಲ್ಲೇ ಓದಿಕೊಳ್ಳುವಾಗ ನನಗೆ ತೊಂದರೆಯಿಲ್ಲ. ಗಟ್ಟಿಯಾಗಿ ಓದಬೇಕಾಗಿ ಬಂದಾಗ ಉದ್ದದ ಪದ ಎದುರಾದರೆ ತಡವರಿಸುತ್ತೇನೆ. ‘ರೆಸ್ಪಾನ್ಸಿಬಿಲಿಟಿ’ ಹೇಗೋ ದಾಟಿಬಿಡುತ್ತದೆ. ‘ಇಂಟರ್‌ಕಾಂಟಿನೆಂಟಲ್’, ‘ಅನ್‌ಇಂಟೆಲಿಜಿಬಲ್’ ಥರದ್ದು ಬಂದರೆ ನಡುವೆ ಒಂದು ತುಂಡು ನುಂಗಿ ಹೋಗುತ್ತದೆ.

“ಸಿಲಬಲ್‌ಗಳಾಗಿ ಮುರಿದುಕೋ” ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ಮುರಿಯಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಿಘಂಟಿನಲ್ಲಿ ಪದದ ನಡುವೆ ಚುಕ್ಕಿಗಳು ಇರುತ್ತವಲ್ಲ, ಅವನ್ನು ನೋಡಿದೆ. ‘ಅಬಿಲಿಟಿ’ಗೆ ಎರಡೇ ಚುಕ್ಕಿ, ಅಂದರೆ ಮೂರು ತುಂಡು. ಬಾಯಲ್ಲಿ ಹೇಳಿದರೆ ನಾಲ್ಕು ಬರುತ್ತದೆ. ಯಾವುದನ್ನು ನಂಬುವುದು? ಇನ್ನೊಂದು ಪ್ರಶ್ನೆ: ಪ್ರತಿ ಸಲ ನಿಘಂಟು ತೆಗೆಯದೆ ಒತ್ತು ಎಲ್ಲಿ ಬೀಳುತ್ತದೆ ಅಂತ ಊಹಿಸಲು ದಾರಿ ಇದೆಯಾ?

ಪದಬೇಟೆ

ಮೊದಲು ಚುಕ್ಕಿಯ ವಿಷಯ. ಅದನ್ನು ಉಚ್ಚಾರಣೆಗೆ ಅಂತ ಇಟ್ಟಿಲ್ಲ. ಸಾಲಿನ ಕೊನೆಯಲ್ಲಿ ಪದ ಹಿಡಿಸದೆ ಹೋದರೆ ಎಲ್ಲಿ ಹೈಫನ್ ಹಾಕಿ ಉಳಿದದ್ದನ್ನು ಕೆಳಗಿನ ಸಾಲಿಗೆ ಒಯ್ಯಬಹುದು ಅನ್ನುವುದನ್ನು ಅದು ತೋರಿಸುತ್ತದೆ. ಒಂದೇ ಒಂದು ‘ಎ’ ಅಕ್ಷರವನ್ನು ಸಾಲಿನ ತುದಿಯಲ್ಲಿ ಬಿಟ್ಟರೆ ನೋಡಲು ಚೆನ್ನಾಗಿರಲ್ಲ. ಅದಕ್ಕೇ ಮೆರಿಯಮ್-ವೆಬ್‌ಸ್ಟರ್ ನಿಘಂಟು ‘ಅಬಿಲಿಟಿ’ಯಲ್ಲಿ ಆ ಮೊದಲ ‘ಎ’ ಆದ ಮೇಲೆ ಚುಕ್ಕಿ ಇಡುವುದಿಲ್ಲ. ಉಚ್ಚಾರಣೆ ಬೇಕಾದರೆ ಪಕ್ಕದಲ್ಲಿ ಬೇರೆಯಾಗಿ ಕೊಟ್ಟಿರುವುದನ್ನು ನೋಡಿ. ಅಲ್ಲಿ ನಾಲ್ಕು ತುಂಡು ಸರಿಯಾಗಿ ಸಿಗುತ್ತವೆ: ಅ-ˈಬಿ-ಲ-ಟಿ.

ಆ ಉಚ್ಚಾರಣೆಯಲ್ಲಿ ಒಂದು ತುಂಡಿನ ಮುಂದೆ, ಮೇಲುಗಡೆ, ಸಣ್ಣ ನಿಂತ ಗೆರೆ ಇರುತ್ತದೆ. ಅದು ಮುಖ್ಯ ಒತ್ತು. ಅದೇ ಗೆರೆ ಕೆಳಗಡೆ ಇದ್ದರೆ ಎರಡನೇ ದರ್ಜೆಯ ಒತ್ತು. ಗೆರೆಯ ಆಚೆಗಿನ ತುಂಡಿಗೆ ಒತ್ತು ಅಂತ ನೆನಪಿರಲಿ, ಹಿಂದಿನದಕ್ಕಲ್ಲ. ಇಲ್ಲಿ ಬರೆಯುವಾಗಲೂ ಎಲ್ಲರೂ ಅದೇ ಗುರುತು ಬಳಸೋಣ.

ಎಣಿಕೆ ಸುಲಭ. ಕಿವಿಗೆ ಎಷ್ಟು ಸ್ವರ ಕೇಳಿಸುತ್ತದೋ ಅಷ್ಟು ಸಿಲಬಲ್. ಬರವಣಿಗೆಯ ಉದ್ದ ನೋಡಿ ಹೆದರಬೇಡಿ. ‘ಸ್ಟ್ರೆಂಗ್ತ್ಸ್’ ಬರೆಯಲು 9 ಅಕ್ಷರ ಬೇಕು, ಸಿಲಬಲ್ ಒಂದೇ. ‘ಐಡಿಯಾ’ಕ್ಕೆ 4 ಅಕ್ಷರ, ಸಿಲಬಲ್ ಮೂರು. ಕೊನೆಗೆ ‘ಇ ಡಿ’ ಸೇರಿದ ಕ್ರಿಯಾಪದಗಳಲ್ಲೂ ಹೀಗೇ. ‘ವಾಕ್ಡ್’, ‘ಸ್ಟಾಪ್ಡ್’ ಒಂದೊಂದೇ ಸಿಲಬಲ್. ಮೂಲ ಪದ ‘ಟಿ’ ಅಥವಾ ‘ಡಿ’ ಸದ್ದಿನಲ್ಲಿ ಮುಗಿದಿದ್ದರೆ ಮಾತ್ರ ಹೊಸದೊಂದು ಹುಟ್ಟುತ್ತದೆ: ‘ವಾಂಟೆಡ್’, ‘ನೀಡೆಡ್’.

ಹಿಂದಿನ_ಬೆಂಚು

ಸ್ವರ ಎಣಿಸಿ ಅಂತ ಹೇಳುವುದು ಸುಲಭ ಸಾರ್. ‘ಕಂಫರ್ಟಬಲ್’ ಬರೆದದ್ದನ್ನು ನೋಡಿದರೆ ನಾಲ್ಕು. ಇಂಗ್ಲಿಷಿನವರ ಬಾಯಲ್ಲಿ ಬಹಳ ಸಲ ಮೂರೇ ಕೇಳುತ್ತದೆ. ‘ಚಾಕೊಲೇಟ್’ ಎರಡಾಗುತ್ತದೆ. ಅವರೇ ನುಂಗುವಾಗ ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಪದಬೇಟೆ

ಅವರು ನುಂಗುವುದಕ್ಕೂ ಒಂದು ಜಾಗ ಇದೆ, ಅದೇ ವಿಷಯ. ˈಕಂಫ್-ಟ-ಬಲ್, ˈವೆಜ್-ಟ-ಬಲ್, ˈಚಾಕ್-ಲಟ್, ˈಇಂಟ್-ರೆಸ್-ಟಿಂಗ್. ಎಲ್ಲದರಲ್ಲೂ ಬಿದ್ದುಹೋದದ್ದು ಒತ್ತಿನ ತುಂಡು ಆದ ತಕ್ಷಣದ ಸ್ವರ. ಒತ್ತಿನ ತುಂಡನ್ನು ಯಾರೂ ನುಂಗುವುದಿಲ್ಲ. ಸುಮ್ನೆ_ಓದುವವಳು ಅವರ ತೊಂದರೆಯೂ ಇಲ್ಲೇ ಇರಬಹುದು. ಯಾವುದೋ ಒಂದು ತುಂಡು ಬಿಟ್ಟುಹೋದರೆ ಪರವಾಗಿಲ್ಲ, ಅದು ಒತ್ತಿನ ತುಂಡಾಗಿದ್ದರೆ ಕೇಳುವವರಿಗೆ ಪದವೇ ಸಿಗುವುದಿಲ್ಲ.

ಲಘುಗುರು

ಒತ್ತಿನ ಬಗ್ಗೆ ಕೇಳಿದ್ದೀರಿ, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಒಂದೇ ಮಾತು ನೆನಪಿಡಿ: ಉದ್ದದ ಪದವನ್ನು ಬಾಲದಿಂದ ನೋಡಿ. ನಾವು ಎಡದಿಂದ ಶುರುಮಾಡಿ ಒಂದೊಂದೇ ಅಕ್ಷರ ಕೂಡಿಸುತ್ತಾ ಹೋಗುತ್ತೇವೆ. ಆದರೆ ಒತ್ತನ್ನು ತೀರ್ಮಾನ ಮಾಡುವುದು ಬಹಳ ಸಲ ಬಲತುದಿಯ ಪ್ರತ್ಯಯ.

ಈ ಮೂರನ್ನು ಗಟ್ಟಿಯಾಗಿ ಹೇಳಿ ನೋಡಿ:

ˈಫೋ-ಟ-ಗ್ರಾಫ್
ಫ-ˈಟಾ-ಗ್ರ-ಫಿ
ಫೋ-ಟ-ˈಗ್ರ್ಯಾ-ಫಿಕ್

ಬೇರು ಒಂದೇ. ಬಾಲ ಬದಲಾಯಿತು, ಒತ್ತು ಓಡಾಡಿತು. ಒತ್ತಿನ ಜೊತೆಗೇ ಸ್ವರಗಳೂ ಬದಲಾದದ್ದನ್ನು ಗಮನಿಸಿ. ಮೊದಲ ಪದದಲ್ಲಿ ತುಂಬುಬಾಯಿಯ ‘ಫೋ’ ಇತ್ತು. ಎರಡನೆಯದರಲ್ಲಿ ಒತ್ತು ಕಳೆದುಕೊಂಡು ಸೊರಗಿ ‘ಫ’ ಆಯಿತು. ಹೀಗೆ ಸೊರಗಿದ ಸ್ವರಕ್ಕೆ ಶ್ವಾ ಅನ್ನುತ್ತಾರೆ. ನಮ್ಮ ‘ಅ’ಕಾರಕ್ಕೆ ಹತ್ತಿರ, ಆದರೆ ಇನ್ನೂ ಸಡಿಲ. ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಕೇಳಿಸುವ ಸ್ವರ ಇದೇ. ‘ಎ, ಇ, ಐ, ಓ, ಯು’ ಯಾವುದನ್ನು ಬರೆದಿದ್ದರೂ ಒತ್ತಿಲ್ಲದ ಕಡೆ ಅದು ಶ್ವಾ ಆಗಬಹುದು. ‘ಬನಾನಾ’ದಲ್ಲಿ ಮೂರೂ ‘ಎ’ ಅಕ್ಷರಗಳೇ. ಹೇಳುವಾಗ ನಡುವಿನದು ಮಾತ್ರ ತುಂಬಿಕೊಳ್ಳುತ್ತದೆ: ಬ-ˈನಾ-ನ.

ಈಗ ಬಾಲಗಳು. ‘ಷನ್’ (ಎಜುಕೇಷನ್, ಡಿಸಿಷನ್), ‘ಇಕ್’, ‘ಇಟಿ’, ‘ಷಿಯನ್’, ‘ಷಲ್’ ಇವೆಲ್ಲ ತಮ್ಮ ಹಿಂದಿನ ತುಂಡಿನ ಮೇಲೆ ಒತ್ತು ಕೂರಿಸುತ್ತವೆ. ಎ-ಜು-ˈಕೇ-ಷನ್, ಇ-ಕ-ˈನಾ-ಮಿಕ್, ರಿ-ಸ್ಪಾನ್-ಸ-ˈಬಿ-ಲ-ಟಿ, ಮ್ಯೂ-ˈಜಿ-ಷನ್, ಅ-ˈಫಿ-ಷಲ್. ‘ಲಜಿ’, ‘ಗ್ರಫಿ’, ‘ಕ್ರಸಿ’, ‘ನಮಿ’ಯಲ್ಲಿ ಮುಗಿದರೆ ಕೊನೆಯಿಂದ ಮೂರನೆಯ ತುಂಡು: ಬೈ-ˈಆ-ಲ-ಜಿ, ಡಿ-ˈಮಾ-ಕ್ರ-ಸಿ, ಇ-ˈಕಾ-ನ-ಮಿ.

ಇನ್ನು ಕೆಲವು ಬಾಲಗಳು ಒತ್ತನ್ನು ತಾವೇ ಎಳೆದುಕೊಳ್ಳುತ್ತವೆ. ಎಂಜಿ-ˈನಿಯರ್, ಜ್ಯಾಪ-ˈನೀಸ್, ರೆಫ್ಯು-ˈಜೀ. ಕನ್ನಡದಲ್ಲಿ ನಾವು ‘ಇಂಜಿನಿಯರ್’ ಅನ್ನುವಾಗ ಹಾಗೆ ಒತ್ತುವುದೇ ಇಲ್ಲ, ಅಲ್ವಾ?

ಮೂರನೆಯ ಗುಂಪು ಪಾಪದ್ದು. ‘ನೆಸ್’, ‘ಲೆಸ್’, ‘ಫುಲ್’, ‘ಲಿ’, ‘ಮೆಂಟ್’, ‘ಇಂಗ್’. ಇವು ಬಂದು ಅಂಟಿಕೊಳ್ಳುತ್ತವೆ, ಒತ್ತನ್ನು ಮುಟ್ಟುವುದಿಲ್ಲ. ಮೂಲ ಪದದಲ್ಲಿ ಎಲ್ಲಿತ್ತೋ ಅಲ್ಲೇ ಇರುತ್ತದೆ. ‘ಡೆವಲಪ್‌ಮೆಂಟ್’ ನೋಡಿ. ನಮ್ಮಲ್ಲಿ ಜಾಸ್ತಿ ಜನ ‘ಡೆ’ ಮೇಲೆ ಒತ್ತುತ್ತೇವೆ. ಮೂಲ ಪದ ಡಿ-ˈವೆ-ಲಪ್. ಹಾಗಾಗಿ ಡಿ-ˈವೆ-ಲಪ್-ಮಂಟ್.

ಹಿಂದಿನ_ಬೆಂಚು

‘ಇಕ್’ ಹಿಂದಿನದಕ್ಕೆ ಒತ್ತು ಅಂದಿರಿ. ‘ಅರಾಬಿಕ್’ ಏನು? ‘ಕ್ಯಾಥಲಿಕ್’? ‘ಪಾಲಿಟಿಕ್ಸ್’? ‘ಕಮಿಟಿ’ಯ ಕೊನೆಗೂ ಎರಡು ‘ಇ’ ಇದೆ, ‘ರೆಫ್ಯುಜೀ’ ಥರ ತುದಿಗೆ ಒತ್ತಬೇಕಾ?

ಲಘುಗುರು

ನೀವು ಹೇಳಿದ ನಾಲ್ಕೂ ನಿಜವಾದ ಅಪವಾದಗಳು. ˈಅರ-ಬಿಕ್, ˈಕ್ಯಾಥ-ಲಿಕ್, ˈಪಾ-ಲ-ಟಿಕ್ಸ್, ಕ-ˈಮಿ-ಟಿ. ಜೊತೆಗೆ ˈಲೂ-ನ-ಟಿಕ್, ˈರೆ-ಟ-ರಿಕ್, ˈಹೆ-ರ-ಟಿಕ್ ಸೇರಿಸಿಕೊಳ್ಳಿ. ಪಟ್ಟಿ ಚಿಕ್ಕದು, ಬಾಯಿಪಾಠ ಆಗುತ್ತದೆ. ಆಚೆ ಕಡೆ ‘ಇಕ್’ ನಿಯಮಕ್ಕೆ ತಲೆಬಾಗುವ ಪದಗಳನ್ನು ಪಟ್ಟಿ ಮಾಡಲು ಹೊರಟರೆ ಮುಗಿಯುವುದೇ ಇಲ್ಲ.

ಎಲ್ಲಕ್ಕಿಂತ ಮಜವಾದದ್ದು ‘ಅರಿತ್ಮೆಟಿಕ್’. ನಾಮಪದವಾದರೆ ಅ-ˈರಿತ್-ಮ-ಟಿಕ್. ವಿಶೇಷಣವಾಗಿ ಬಳಸಿದರೆ ಅ-ರಿತ್-ˈಮೆ-ಟಿಕ್. ಒಂದೇ ಪದ ಅಪವಾದವೂ ಹೌದು, ನಿಯಮವೂ ಹೌದು.

ಸುಮ್ನೆ_ಓದುವವಳು

ಬಾಲದ ಲೆಕ್ಕ ತಲೆಗೆ ಹೋಯಿತು. ಆದರೆ ಅಂಥ ಯಾವ ಬಾಲವೂ ಇಲ್ಲದ ಪದ ಬಂದರೆ? ‘ಅಜೆಂಡಾ’, ‘ಹಿಪೊಪಾಟಮಸ್’ ಇಂಥವು?

ಲಘುಗುರು

ಈ ಪ್ರಶ್ನೆಗೇ ಕಾಯುತ್ತಿದ್ದೆ. ನನ್ನ ಹೆಸರೂ ಅದಕ್ಕೇ ಇರುವುದು 😄

ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ದೀರ್ಘ ಇದ್ದರೆ ಗುರು, ಸೊನ್ನೆ ಇದ್ದರೆ ಗುರು, ಮುಂದೆ ಒತ್ತಕ್ಷರ ಬಂದರೆ ಹಿಂದಿನದು ಗುರು, ಉಳಿದದ್ದು ಲಘು. ಅದೇ ಕಣ್ಣಿನಿಂದ ಇಂಗ್ಲಿಷ್ ನಾಮಪದ ನೋಡಿ. ಮೂರು ಅಥವಾ ಜಾಸ್ತಿ ಸಿಲಬಲ್ ಇರಬೇಕು. ಕೊನೆಯ ತುಂಡನ್ನು ಬಿಟ್ಟುಬಿಡಿ. ಅದರ ಹಿಂದಿನದು ಗುರುವಾ, ಲಘುವಾ? ಗುರುವಾದರೆ ಒತ್ತು ಅಲ್ಲೇ. ಲಘುವಾದರೆ ಇನ್ನೊಂದು ಹೆಜ್ಜೆ ಹಿಂದಕ್ಕೆ.

ಅ-ˈಜೆನ್-ಡ: ಕೊನೆಯ ‘ಡ’ ಬಿಟ್ಟೆವು. ‘ಜೆನ್’ ಗುರು. ಒತ್ತು ಅಲ್ಲೇ ನಿಂತಿತು.
ಹ-ˈರೈ-ಜನ್: ‘ರೈ’ ಗುರು. ನಿಂತಿತು. ಅ-ˈರೀ-ನ, ಡಿ-ˈಪ್ಲೋ-ಮ ಕೂಡ ಹೀಗೇ.
ˈಸಿ-ನ-ಮ: ನಡುವಿನ ‘ನ’ ಲಘು. ಹಿಂದಕ್ಕೆ ಹೋಗಿ ‘ಸಿ’ ಮೇಲೆ ಕೂತಿತು. ˈಕ್ಯಾ-ನ-ಡ ಕೂಡ.
ಅ-ˈಮೆ-ರಿ-ಕ: ‘ರಿ’ ಲಘು, ಆದ್ದರಿಂದ ‘ಮೆ’.
ಹಿ-ಪ-ˈಪಾ-ಟ-ಮಸ್: ‘ಟ’ ಲಘು, ಆದ್ದರಿಂದ ‘ಪಾ’.
ರೈ-ˈನಾ-ಸ-ರಸ್: ‘ಸ’ ಲಘು, ಆದ್ದರಿಂದ ‘ನಾ’.

ಇದು ಮೂಲದಲ್ಲಿ ಲ್ಯಾಟಿನ್ ಭಾಷೆಯ ಒತ್ತಿನ ನಿಯಮ. ಲ್ಯಾಟಿನ್‌ನಿಂದ, ಗ್ರೀಕ್‌ನಿಂದ ಪದಗಳು ಬಂದಾಗ ಅದೂ ಹಿಂದೆಯೇ ಇಂಗ್ಲಿಷಿಗೆ ಬಂತು. 1968ರಲ್ಲಿ ಭಾಷಾಶಾಸ್ತ್ರಜ್ಞರಾದ ನೋಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹಾಲೆ ಇಂಗ್ಲಿಷಿನ ಒತ್ತನ್ನು ನಿಯಮಗಳಲ್ಲಿ ಹಿಡಿದಿಡಲು ಹೊರಟಾಗ ಅವರ ಲೆಕ್ಕದ ಬುಡದಲ್ಲೂ ಇದೇ ಇತ್ತು.

ಒಂದು ಎಚ್ಚರಿಕೆ. ಪ್ರಸ್ತಾರ ಹಾಕಬೇಕಾದದ್ದು ಇಂಗ್ಲಿಷ್ ಉಚ್ಚಾರಣೆಗೆ. ನಾವು ಕನ್ನಡದಲ್ಲಿ ದೀರ್ಘ ಎಳೆದು ಬರೆಯುವ ‘ಸಿನೆಮಾ’, ‘ಅಮೆರಿಕಾ’ಕ್ಕೆ ಹಾಕಿದರೆ ದಾರಿ ತಪ್ಪುತ್ತದೆ. ಆಮೇಲೆ, ‘ವೆನಿಲಾ’ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿ ‘ನಿ’ ಲಘುವಾದರೂ ಒತ್ತು ಅದರ ಮೇಲೇ. ಹಿಂದಿನ_ಬೆಂಚು ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಹಿಂದಿನ_ಬೆಂಚು

ಕೇಳಲು ಟೈಪ್ ಮಾಡುತ್ತಿದ್ದೆ, ಅಳಿಸಿದೆ. ಇದು ಮಾತ್ರ ಚೆನ್ನಾಗಿದೆ ಗುರುಗಳೇ. ಪ್ರಸ್ತಾರ ಹಾಕಿ ಅಂಕ ತಗೊಂಡದ್ದು ಬಿಟ್ಟರೆ ಅದರಿಂದ ಬೇರೆ ಉಪಯೋಗ ಆದದ್ದು ಇದೇ ಮೊದಲು.

ಬೇರು_ಹುಡುಕ

ನೀವೆಲ್ಲ ಸದ್ದಿನ ಹಿಂದೆ ಬಿದ್ದಿದ್ದೀರಿ. ನನಗೆ ಉದ್ದದ ಪದ ಅಂದರೆ ಅರ್ಥದ ತುಂಡುಗಳು. ಸದ್ದಿನ ತುಂಡೂ ಅರ್ಥದ ತುಂಡೂ ಒಂದೇ ಜಾಗದಲ್ಲಿ ಮುರಿಯಬೇಕು ಅಂತೇನಿಲ್ಲ. ಗೊಂದಲ ಹುಟ್ಟುವುದೇ ಅಲ್ಲಿ.

‘ಹೆಲಿಕಾಪ್ಟರ್’ ತಗೊಳ್ಳಿ. ಬಾಯಿ ಮುರಿಯುವುದು ˈಹೆ-ಲಿ-ಕಾಪ್-ಟರ್ ಅಂತ. ಅರ್ಥ ಮುರಿಯುವುದು ‘ಹೆಲಿಕೊ’ ಮತ್ತು ‘ಪ್ಟರ್’ ಅಂತ. ಗ್ರೀಕಿನಲ್ಲಿ ಮೊದಲನೆಯದಕ್ಕೆ ಸುರುಳಿ, ಎರಡನೆಯದಕ್ಕೆ ರೆಕ್ಕೆ. 1861ರಲ್ಲಿ ಫ್ರಾನ್ಸಿನ ಗುಸ್ತಾವ್ ಪಾಂತೋ ದಾಮೆಕೂರ್ ಕಟ್ಟಿದ ಪದ ಅದು. ಅದೇ ರೆಕ್ಕೆ ‘ಟೆರೊಡ್ಯಾಕ್ಟಿಲ್’ನ ಶುರುವಿನಲ್ಲೂ ಇದೆ, ಅಲ್ಲಿ ‘ಪಿ’ ಬರೆಯುತ್ತಾರೆ, ಹೇಳುವುದಿಲ್ಲ. ಜನಕ್ಕೆ ಗ್ರೀಕ್ ಎಲ್ಲಿ ಗೊತ್ತು? ಸದ್ದು ಮುರಿದ ಕಡೆಯೇ ಕತ್ತರಿಸಿದರು. ‘ಹೆಲಿಪ್ಯಾಡ್’ ಆಯಿತು, ‘ಕಾಪ್ಟರ್’ ಆಯಿತು. ಗ್ರೀಕ್ ಪಂಡಿತರು ತಲೆ ಚಚ್ಚಿಕೊಂಡರೂ ಅವು ಇಂದು ಸರಿಯಾದ ಪದಗಳೇ.

ತುಂಡು ಗೊತ್ತಿಲ್ಲದೆ ಓದಿದರೆ ಏನಾಗುತ್ತದೆ ಅನ್ನುವುದಕ್ಕೆ ‘ಇನ್‌ಫ್ರಾರೆಡ್’ ನೋಡಿ. ‘ಇನ್‌ಫ್ರಾ’ ಮತ್ತು ‘ರೆಡ್’ ಅಂತ ಕಾಣದವರು ಕೊನೆಯ ‘ಇ ಡಿ’ಯನ್ನು ಭೂತಕಾಲ ಅಂದುಕೊಂಡು ‘ಇನ್‌ಫ್ರೇರ್ಡ್’ ಅಂದುಬಿಡುತ್ತಾರೆ. ‘ಮಿಸ್’ ಮತ್ತು ‘ಲೆಡ್’ ಕೂಡಿದ ‘ಮಿಸ್‌ಲೆಡ್’ ಕೂಡ ‘ಮೈಸಲ್ಡ್’ ಆಗುವುದುಂಟು. ಇಂಗ್ಲಿಷ್ ಮನೆಮಾತಾದವರಿಗೇ ಇದು ಆಗುತ್ತದೆ.

ನನ್ನ ಮೆಚ್ಚಿನದು ‘ಯು ಎನ್ ಐ ಓ ಎನ್ ಐ ಎಸ್ ಇ ಡಿ’. ಅಕ್ಷರ ಅವೇ. ಕಾರ್ಮಿಕ ಸಂಘದವರು ಓದಿದರೆ ˈಯೂ-ನಿ-ಯ-ನೈಸ್ಡ್, ಸಂಘ ಕಟ್ಟಿಕೊಂಡವರು. ರಸಾಯನಶಾಸ್ತ್ರದವರು ಓದಿದರೆ ಅನ್-ˈಐ-ಯ-ನೈಸ್ಡ್, ಅಯಾನು ಆಗದೆ ಉಳಿದದ್ದು. ಮೊದಲ ಬಿರುಕು ಎಲ್ಲಿ ಅನ್ನುವುದರ ಮೇಲೆ ಸಿಲಬಲ್, ಒತ್ತು, ಅರ್ಥ ಎಲ್ಲವೂ ನಿಂತಿದೆ.

ಟೈಪ್_ಜೋಡಕ

ಪದಬೇಟೆ ಅವರು ಹೇಳಿದ ಹೈಫನ್ ಚುಕ್ಕಿ ನನ್ನ ದಿನದ ಕೆಲಸ, ಹಾಗಾಗಿ ಒಂದು ಮಾತು. ಸದ್ದೋ ಅರ್ಥವೋ ಅನ್ನುವ ಜಗಳ ಮುದ್ರಣದಲ್ಲೂ ಹಳೆಯದು. ಅಮೆರಿಕದವರು ಸದ್ದಿನ ಪ್ರಕಾರ ಮುರಿಯುತ್ತಾರೆ. ಬ್ರಿಟನ್ನಿನಲ್ಲಿ ಪದದ ಮೂಲಕ್ಕೆ ಮರ್ಯಾದೆ ಜಾಸ್ತಿ. ‘ನಾಲೆಜ್’ ಪದವನ್ನು ಅಮೆರಿಕದಲ್ಲಿ ‘ಎಲ್’ ಆದ ಮೇಲೆ ಮುರಿದರೆ ಬ್ರಿಟನ್ನಿನಲ್ಲಿ ‘ಡಬ್ಲ್ಯೂ’ ಆದ ಮೇಲೆ ಮುರಿಯುತ್ತಾರೆ, ‘ನೋ’ ಅನ್ನುವ ಪದ ಹಾಗೇ ಉಳಿಯಲಿ ಅಂತ.

ಕಂಪ್ಯೂಟರಿಗೆ ಇದನ್ನು ಕಲಿಸಿದ್ದು ಫ್ರಾಂಕ್ ಲಿಯಾಂಗ್. 1983ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ, ಮುದ್ರಣಕ್ಕೆ ಪುಟ ಜೋಡಿಸುವ, ಡೊನಾಲ್ಡ್ ಕ್ನೂತ್ ಅವರ ಟೆಕ್ ತಂತ್ರಾಂಶಕ್ಕಾಗಿ ಮಾಡಿದ ಕೆಲಸ. ಇಡೀ ನಿಘಂಟನ್ನು ಯಂತ್ರದೊಳಗೆ ತುಂಬುವ ಬದಲು ಅಕ್ಷರಗಳ ಸಣ್ಣ ಸಣ್ಣ ಜೋಡಣೆಗಳನ್ನು ಹುಡುಕಿದರು. ಇಂಥ ಅಕ್ಷರಗಳ ನಡುವೆ ಮುರಿ, ಇಂಥವುಗಳ ನಡುವೆ ಮುರಿಯಬೇಡ ಅನ್ನುವ 4,447 ಜೋಡಣೆಗಳು. ಅಷ್ಟರಿಂದಲೇ ನಿಘಂಟಿನ ಹೈಫನ್‌ಗಳಲ್ಲಿ ಸುಮಾರು 89 ಶೇಕಡಾ ಸಿಕ್ಕಿಬಿಟ್ಟವು. ಉಳಿದ ಅಪವಾದಗಳಿಗೆ ಟೆಕ್ 14 ಪದಗಳ ಒಂದು ಪುಟ್ಟ ಪಟ್ಟಿ ಇಟ್ಟುಕೊಂಡಿದೆ.

ಆ ಪಟ್ಟಿಯಲ್ಲಿ ‘ಪ್ರೆಸೆಂಟ್’ ಮತ್ತು ‘ಪ್ರಾಜೆಕ್ಟ್’ ಇವೆ. ಯಾಕೆ ಅಂತ ಲಘುಗುರು ಅವರಿಗೆ ಗೊತ್ತಾಗಿರುತ್ತದೆ.

ಲಘುಗುರು

ಆಹಾ! ನಾಮಪದವಾದರೆ ˈಪ್ರೆಜ್-ಅಂಟ್, ಕ್ರಿಯಾಪದವಾದರೆ ಪ್ರಿ-ˈಜೆಂಟ್. ಒತ್ತು ಸರಿದರೆ ಮುರಿಯುವ ಜಾಗವೂ ಸರಿಯುತ್ತದೆ. ಬರೀ ಅಕ್ಷರ ನೋಡುವ ಯಂತ್ರಕ್ಕೆ ಯಾವುದು ಅಂತ ಗೊತ್ತಾಗುವುದು ಹೇಗೆ?

ಟೈಪ್_ಜೋಡಕ

ಗೊತ್ತಾಗಲ್ಲ. ಅದಕ್ಕೇ ಆ ಪದಗಳನ್ನು ಮುರಿಯಲೇಬೇಡ ಅಂತ ಹೇಳಿಟ್ಟಿದ್ದಾರೆ.

ಲಘುಗುರು

ಈ ಜೋಡಿಗಳು ಬೇರೆಯೂ ಇವೆ: ‘ರೆಕಾರ್ಡ್’, ‘ಪರ್ಮಿಟ್’, ‘ಆಬ್ಜೆಕ್ಟ್’, ‘ಕಂಡಕ್ಟ್’, ‘ಇಂಪೋರ್ಟ್’. ನಾಮಪದಕ್ಕೆ ಮೊದಲ ತುಂಡು, ಕ್ರಿಯಾಪದಕ್ಕೆ ಎರಡನೆಯದು. ಉದ್ದದ ಪದಗಳ ಮಾತಲ್ಲ, ಇಲ್ಲಿಗೇ ಬಿಡುತ್ತೇನೆ.

ಮಗಳ_ಹೋಂವರ್ಕ್

ನಾನು ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಮ್ಮ ಮನೆಯ ಕಷ್ಟ ಉಚ್ಚಾರಣೆಯದ್ದಲ್ಲ, ಸ್ಪೆಲಿಂಗಿನದ್ದು. ಮಗಳು ಪದವನ್ನು ಸಿಲಬಲ್ ಸಿಲಬಲ್ ಆಗಿ ಹೇಳಿಕೊಂಡೇ ಬರೆಯುತ್ತಾಳೆ. ಆದರೂ ‘ಗ್ರ್ಯಾಮರ್’ ಕೊನೆಗೆ ‘ಇ ಆರ್’ ಹಾಕುತ್ತಾಳೆ. ‘ಡಿಸಪಿಯರ್’ಗೆ ಒಮ್ಮೆ ಎರಡು ‘ಎಸ್’, ಒಮ್ಮೆ ಒಂದು ‘ಪಿ’. ಸಿಲಬಲ್ ಮುರಿಯುವುದರಿಂದ ಇದಕ್ಕೆ ಏನಾದರೂ ಸಹಾಯ ಆಗುತ್ತದಾ?

ಬೇರು_ಹುಡುಕ

ಅಕ್ಷರ ಬಿಟ್ಟುಹೋಗದಂತೆ ಸಿಲಬಲ್ ಕಾಯುತ್ತದೆ ಮೇಡಂ, ಅಷ್ಟೇ. ಶ್ವಾ ಬಂದ ಕಡೆ ಅದರ ಕೈಯಲ್ಲಿ ಏನೂ ಆಗುವುದಿಲ್ಲ. ‘ಗ್ರ್ಯಾಮರ್’ನ ಕೊನೆಯ ತುಂಡಿನಲ್ಲಿ ಕೇಳುವುದು ಸೊರಗಿದ ಸ್ವರ. ‘ಎ’ಯೋ ‘ಇ’ಯೋ ಅಂತ ಕಿವಿ ಹೇಳುವುದಿಲ್ಲ. ಅದಕ್ಕೆ ಆ ಪದದ ನೆಂಟರನ್ನು ಕರೆಯಿರಿ. ಒತ್ತು ಸರಿದು ಆ ತುಂಡಿನ ಮೇಲೇ ಬೀಳುವ ಪದ ಬೇಕು. ಗ್ರ-ˈಮ್ಯಾ-ಟಿ-ಕಲ್. ಈಗ ‘ಎ’ ಸ್ಪಷ್ಟವಾಗಿ ಕೇಳುತ್ತದೆ.

‘ಕಾಂಪಿಟಿಷನ್’ನ ಎರಡನೇ ಸ್ವರ ಯಾವುದು? ‘ಕಂಪೀಟ್’ ಕೇಳಿ, ‘ಇ’ ಸಿಗುತ್ತದೆ. ಸದ್ದೇ ಮಾಡದ ಅಕ್ಷರಗಳೂ ಹೀಗೆ ಬಾಯಿ ಬಿಡುತ್ತವೆ. ‘ಸೈನ್’ನಲ್ಲಿ ‘ಜಿ’ ಮೂಕ, ‘ಸಿಗ್ನೇಚರ್’ನಲ್ಲಿ ಮಾತಾಡುತ್ತದೆ. ‘ಮಸಲ್’ನ ‘ಸಿ’ ಮೂಕ, ‘ಮಸ್ಕ್ಯುಲರ್’ನಲ್ಲಿ ಕೇಳುತ್ತದೆ. ‘ಕಂಡೆಮ್’ ಕೊನೆಯ ‘ಎನ್’ ‘ಕಾಂಡೆಮ್ನೇಷನ್’ನಲ್ಲಿ ಹೊರಗೆ ಬರುತ್ತದೆ. ಇಂಗ್ಲಿಷ್ ಸ್ಪೆಲಿಂಗಿಗೆ ಎಲ್ಲರೂ ಬೈಯುತ್ತಾರೆ. ಅದು ಸದ್ದಿಗೆ ದ್ರೋಹ ಮಾಡುವುದು ಎಷ್ಟೋ ಸಲ ಕುಟುಂಬವನ್ನು ಒಟ್ಟಿಗೆ ಇಡಲು ಅನ್ನುವುದು ನನ್ನ ಅನಿಸಿಕೆ.

ಜೋಡಿ ಅಕ್ಷರಗಳಿಗೆ ಪ್ರತ್ಯಯದ ಗೆರೆ ಎಳೆಸಿ. ‘ಡಿಸ್’ ಒಂದು ಕಡೆ, ‘ಅಪಿಯರ್’ ಒಂದು ಕಡೆ. ಮೊದಲನೆಯದರಲ್ಲಿ ಒಂದೇ ‘ಎಸ್’. ಎರಡನೆಯದರ ಎರಡು ‘ಪಿ’ ಅದರ ಸ್ವಂತದ್ದು. ‘ಡಿಸ್’ ಮತ್ತು ‘ಸ್ಯಾಟಿಸ್ಫೈಡ್’ ಸೇರಿದರೆ ಇಬ್ಬರ ‘ಎಸ್’ ಕೂಡಿ ಎರಡಾಗಲೇಬೇಕು. ‘ಅನ್‌ನೆಸೆಸರಿ’ಯ ಎರಡು ‘ಎನ್’ ಕೂಡ ಹಾಗೇ ಬಂದದ್ದು.

‘ಇಲ್ಲೀಗಲ್’ಗೆ ಎರಡು ‘ಎಲ್’ ಯಾಕೆ ಅಂತ ಕೇಳಿದರೆ ಸಂಧಿ ಹೇಳಿಕೊಡಿ. ‘ಉತ್’ಗೆ ‘ಲೇಖ’ ಸೇರಿದರೆ ‘ತ್’ ಹೋಗಿ ‘ಲ್’ ಬಂದು ‘ಉಲ್ಲೇಖ’ ಆಗುತ್ತದಲ್ಲ. ‘ಇನ್’ಗೆ ‘ಲೀಗಲ್’ ಸೇರಿದಾಗ ‘ಎನ್’ ಕೂಡ ‘ಎಲ್’ ಆಯಿತು. ‘ರೆಗ್ಯುಲರ್’ ಮುಂದೆ ‘ಆರ್’ ಆಯಿತು, ‘ಪಾಸಿಬಲ್’ ಮುಂದೆ ‘ಎಮ್’ ಆಯಿತು. ‘ಅಕಾಮಡೇಷನ್’ಗೆ ಎರಡು ‘ಸಿ’ ಬಂದದ್ದೂ ಇದೇ ದಾರಿಯಲ್ಲಿ. ಮುಂದೆ ಲ್ಯಾಟಿನ್ನಿನ ‘ಆಡ್’ ಇತ್ತು, ಅದರ ‘ಡಿ’ ‘ಸಿ’ ಆಗಿ ಕೂತಿತು.

ಮಗಳ_ಹೋಂವರ್ಕ್

‘ಉಲ್ಲೇಖ’ದ ಉದಾಹರಣೆ ಅವಳಿಗೆ ತಕ್ಷಣ ಹಿಡಿಯುತ್ತದೆ, ಕನ್ನಡ ವ್ಯಾಕರಣದಲ್ಲಿ ಈಗ ಸಂಧಿಯೇ ನಡೆಯುತ್ತಿದೆ. ಧನ್ಯವಾದ ಸರ್.

ಹಳೇ_ಮೇಷ್ಟ್ರು

ಇಲ್ಲಿ ಹೇಳಿದ್ದೆಲ್ಲ ಸರಿ. ಆದರೆ ಮೊದಲ ಪ್ರಶ್ನೆ ಕೇಳಿದ ತಾಯಿಗೆ ನಾಳೆ ಬೆಳಿಗ್ಗೆ ಗಟ್ಟಿಯಾಗಿ ಓದಬೇಕಾದರೆ ಇಷ್ಟೆಲ್ಲ ನೆನಪಿಟ್ಟುಕೊಂಡು ಕೂರಲು ಆಗುವುದಿಲ್ಲ. ತರಗತಿಯಲ್ಲಿ ನಾನು ಮಾಡಿಸುತ್ತಿದ್ದದ್ದು ಹೇಳುತ್ತೇನೆ.

ಪದದ ಶುರುವಿನಲ್ಲೂ ಕೊನೆಯಲ್ಲೂ ಗೊತ್ತಿರುವ ತುಂಡುಗಳನ್ನು ಪೆನ್ಸಿಲ್‌ನಿಂದ ಗೀರಿ ಬೇರೆ ಮಾಡಿ. ನಡುವೆ ಉಳಿದದ್ದನ್ನು ಮಾತ್ರ ಸದ್ದಿನ ಪ್ರಕಾರ ಮುರಿಯಿರಿ. ಎರಡು ಸ್ವರಗಳ ನಡುವೆ ಎರಡು ವ್ಯಂಜನ ಇದ್ದರೆ ಸಾಮಾನ್ಯವಾಗಿ ಅವುಗಳ ಮಧ್ಯೆ ಮುರಿಯಬಹುದು: ‘ನ್ಯಾಪ್-ಕಿನ್’, ‘ಮ್ಯಾಗ್-ನೆಟ್’. ಒಂದೇ ವ್ಯಂಜನ ಇದ್ದರೆ ಮೊದಲು ಅದರ ಹಿಂದೆ ಮುರಿದು ಸ್ವರವನ್ನು ಉದ್ದ ಹೇಳಿ ನೋಡಿ, ‘ಟೈ-ಗರ್’ ಥರ. ಕೇಳಿದ ಪದದ ಹಾಗೆ ಬರದಿದ್ದರೆ ಆಚೆ ಮುರಿದು ಗಿಡ್ಡ ಮಾಡಿ, ‘ರಿವ್-ಅರ್’ ಥರ. ಇದು ಊಹೆಯ ಸಾಧನ. ಕಾನೂನು ಅಂದುಕೊಂಡು ಮಕ್ಕಳಿಗೆ ಅಂಕ ಕಡಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ‘ರಿವರ್’ ನಡುವಿನ ‘ವಿ’ ಯಾವ ಸಿಲಬಲ್‌ಗೆ ಸೇರಿದ್ದು ಅಂತ ಭಾಷಾಶಾಸ್ತ್ರಜ್ಞರೇ ಒಮ್ಮತಕ್ಕೆ ಬಂದಿಲ್ಲ.

ಆಮೇಲೆ ಹೇಳುವುದನ್ನು ಕೊನೆಯಿಂದ ಕಟ್ಟಿಕೊಂಡು ಬನ್ನಿ. ನಿಮ್ಮ ಪದವೇ ಇರಲಿ:

ಬಲ್
ಜ-ಬಲ್
ಲ-ಜ-ಬಲ್
ˈಟೆ-ಲ-ಜ-ಬಲ್
ಇನ್-ˈಟೆ-ಲ-ಜ-ಬಲ್
ಅನ್-ಇನ್-ˈಟೆ-ಲ-ಜ-ಬಲ್

ಮುಂದಿನಿಂದ ಕಟ್ಟಿದರೆ ಪ್ರತಿ ಹೆಜ್ಜೆಯಲ್ಲೂ ಗೊತ್ತಿಲ್ಲದ ಕಡೆಗೆ ಹೋಗುತ್ತೀರಿ, ಕೊನೆಗೆ ಉಸಿರು ಸಾಲುವುದಿಲ್ಲ. ಹಿಂದಿನಿಂದ ಕಟ್ಟಿದರೆ ಆಗಲೇ ಬಾಯಿಗೆ ಬಂದದ್ದರ ಕಡೆಗೆ ಹೋಗುತ್ತೀರಿ. ಇಂಗ್ಲಿಷ್ ಕಲಿಸುವವರು ಇದಕ್ಕೆ ಬ್ಯಾಕ್‌ಚೈನಿಂಗ್ ಅನ್ನುತ್ತಾರೆ.

ಒತ್ತುವುದು ಅಂದರೆ ಜೋರಾಗಿ ಕೂಗುವುದು ಅಂತ ತಿಳಿಯಬೇಡಿ. ಆ ತುಂಡನ್ನು ಸ್ವಲ್ಪ ಉದ್ದ ಮಾಡಿ, ದನಿ ಸ್ವಲ್ಪ ಏರಿಸಿ, ಸ್ವರವನ್ನು ಪೂರ್ತಿ ಹೇಳಿ. ಉಳಿದವುಗಳನ್ನು ಹಗುರವಾಗಿ ದಾಟಿಬಿಡಿ. ಕನ್ನಡದವರಿಗೆ ಕಷ್ಟ ಅನ್ನಿಸುವುದು ಈ ದಾಟಿಬಿಡುವುದೇ. ನಮ್ಮ ಬಾಯಿಗೆ ಪ್ರತಿ ಅಕ್ಷರಕ್ಕೂ ಅದರ ಮಾತ್ರೆ ಪೂರ್ತಿ ಕೊಟ್ಟು ಅಭ್ಯಾಸ.

ಸುಮ್ನೆ_ಓದುವವಳು

ಮೇಷ್ಟ್ರೇ, ಮಾಡಿ ನೋಡಿದೆ. ‘ಇಂಟರ್‌ಕಾಂಟಿನೆಂಟಲ್’ ಸಲೀಸಾಗಿ ಬಂತು. ‘ಟಲ್’, ‘ˈನೆನ್-ಟಲ್’, ‘ಕಾನ್-ಟಿ-ˈನೆನ್-ಟಲ್’. ಒತ್ತಿನ ತುಂಡು ಸಿಕ್ಕಿದ ಮೇಲೆ ಮುಂದಿನದೆಲ್ಲ ಅದಕ್ಕೆ ತಾನಾಗಿ ಬಂದು ಸೇರಿಕೊಳ್ಳುತ್ತದೆ. ಲಘುಗುರು ಅವರ ಲೆಕ್ಕಕ್ಕೂ ಸರಿಹೋಯಿತು, ‘ನೆನ್’ ಗುರು.

ಧೈರ್ಯ ಬಂದು ‘ಓಟೋರೈನೋಲ್ಯಾರಿಂಗಾಲಜಿ’ಗೆ ಕೈ ಹಾಕಿದೆ. ‘ಲಜಿ’ ಬಾಲ, ಹಾಗಾಗಿ ಕೊನೆಯಿಂದ ಮೂರನೆಯದು: ಓ-ಟೋ-ರೈ-ನೋ-ಲ್ಯಾ-ರಿಂಗ್-ˈಗಾ-ಲ-ಜಿ. ಸರಿಯಾ?

ಬೇರು_ಹುಡುಕ

ಸರಿ. 19 ಅಕ್ಷರ, 9 ಸಿಲಬಲ್, ಅರ್ಥದ ತುಂಡು ನಾಲ್ಕೇ. ‘ಓಟೋ’ ಕಿವಿ, ‘ರೈನೋ’ ಮೂಗು, ‘ಲ್ಯಾರಿಂಗೋ’ ಗಂಟಲು, ‘ಲಜಿ’ ಶಾಸ್ತ್ರ. ಇಎನ್‌ಟಿ ಡಾಕ್ಟರ ವಿದ್ಯೆ. ಮೂಗಿನ ‘ರೈನೋ’ವೇ ಮೇಲೆ ಬಂದ ‘ರೈನಾಸರಸ್’ನಲ್ಲೂ ಇರುವುದು, ಮೂಗಿನ ಮೇಲೆ ಕೊಂಬಿರುವ ಪ್ರಾಣಿ.

ಇನ್ನೂ ಆಸೆ ಇದ್ದರೆ 45 ಅಕ್ಷರಗಳದ್ದೊಂದು ಇದೆ: ‘ನ್ಯುಮೊನೊ-ಅಲ್ಟ್ರಾ-ಮೈಕ್ರೊಸ್ಕಾಪಿಕ್-ಸಿಲಿಕೊ-ವಾಲ್ಕೇನೊ-ಕೋನಿ-ಓಸಿಸ್’. ಶ್ವಾಸಕೋಶ, ಅತಿ, ಸೂಕ್ಷ್ಮ, ಸಿಲಿಕಾ, ಜ್ವಾಲಾಮುಖಿ, ಧೂಳು, ರೋಗ. 1935ರಲ್ಲಿ ಅಮೆರಿಕದ ಪದ ಒಗಟುಪ್ರಿಯರ ಸಂಘದ ಅಧ್ಯಕ್ಷರಾಗಿದ್ದ ಎವರೆಟ್ ಸ್ಮಿತ್ ಉದ್ದಕ್ಕಾಗಿಯೇ ಕಟ್ಟಿದ ಪದ. ಡಾಕ್ಟರುಗಳು ಈ ಕಾಯಿಲೆಗೆ ‘ಸಿಲಿಕೋಸಿಸ್’ ಅಂದು ಸುಮ್ಮನಾಗುತ್ತಾರೆ. ಒತ್ತು ಎರಡರಲ್ಲೂ ಒಂದೇ ಕಡೆ, ಕೊನೆಯ ‘ˈಓ-ಸಿಸ್’ ಮೇಲೆ.

ಹಿಂದಿನ_ಬೆಂಚು

ಎಲ್ಲ ಆಯಿತಲ್ಲ, ಈಗ ಇದನ್ನು ಬಗೆಹರಿಸಿ. ˈಕಿ-ಲ-ಮೀ-ಟರ್ ಸರಿಯೋ, ಕಿ-ˈಲಾ-ಮಿ-ಟರ್ ಸರಿಯೋ?

ಪದಬೇಟೆ

ಎರಡೂ ಬಳಕೆಯಲ್ಲಿವೆ, ನಿಘಂಟುಗಳೂ ಎರಡನ್ನೂ ಕೊಡುತ್ತವೆ. ಜಗಳ ಮಾತ್ರ ನಿಂತಿಲ್ಲ. ಅಳತೆಯ ಮಾನಗಳಿಗೆಲ್ಲ ಒತ್ತು ಮೊದಲ ತುಂಡಿಗೆ: ˈಸೆಂಟಿಮೀಟರ್, ˈಮಿಲಿಮೀಟರ್. ಅಳೆಯುವ ಉಪಕರಣಗಳಿಗೆ ಕೊನೆಯಿಂದ ಮೂರನೆಯದಕ್ಕೆ: ಥರ್-ˈಮಾ-ಮಿ-ಟರ್, ಬ-ˈರಾ-ಮಿ-ಟರ್, ಸ್ಪಿ-ˈಡಾ-ಮಿ-ಟರ್. ಕಿಲೋಮೀಟರ್ ಮಾನವಾಗಿದ್ದೂ ಉಪಕರಣದ ಸಾಲಿಗೆ ನುಗ್ಗಿದೆ. ನನ್ನ ಓಟು ಮೊದಲನೆಯದಕ್ಕೆ.

ಲಘುಗುರು

ನನ್ನ ಓಟು ಎರಡನೆಯದಕ್ಕೆ. ಜನ ‘ಥರ್ಮಾಮಿಟರ್’ ಹಾದಿಯಲ್ಲಿ ಹೇಳತೊಡಗಿದ್ದಾರೆ ಅಂದರೆ ಅವರ ಕಿವಿಗೆ ನಿಯಮ ಕೇಳಿಸಿದೆ ಅಂತಲೇ ಅರ್ಥ.

ಹಿಂದಿನ_ಬೆಂಚು

ಓಟು ಸಮ ಸಮ. ‘ಪ್ಯಾರಾಮೀಟರ್’ ಯಾವ ಗುಂಪು? ಅದು ಮಾನವೂ ಅಲ್ಲ, ಉಪಕರಣವೂ ಅಲ್ಲ.

ಪದಬೇಟೆ

ಪ-ˈರ್‍ಯಾ-ಮಿ-ಟರ್. ಉಪಕರಣಗಳ ಜೊತೆ ಸೇರಿಸಿ. ಪ-ˈರಿ-ಮಿ-ಟರ್ ಕೂಡ. ಇನ್ನೂ ಅನುಮಾನ ಬಂದರೆ ಬ್ರಿಟಿಷ್ ಸ್ಪೆಲಿಂಗ್ ನೋಡಿ. ಅಲ್ಲಿ ಅಳತೆಯ ಮಾನವಾದರೆ ಕೊನೆಗೆ ‘ಆರ್ ಇ’ ಬರೆಯುತ್ತಾರೆ, ಉಪಕರಣಕ್ಕೂ ಈ ಎರಡಕ್ಕೂ ‘ಇ ಆರ್’.